ಎಡ ಮೂಗಿನ ಹನಿ, ಎಡಗಣ್ಣಿನ ನೀರು

"ಅಳಾಕತ್ತೀಯೇನು?"

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಜಾನಮಾಜ್ ಮಡಚುತ್ತಿದ್ದ ಶಾಹೀಸ್ತಾ ಬೆಚ್ಚಿಬಿದ್ದಳು. ಬಾಗಿಲಲ್ಲಿ ನಿಯಾಜ್!

ನಿಕಾಹ್ ಆಗಿ ನಾಲ್ಕನೇ ದಿನ. ಗಂಡನ ಮುಖವನ್ನು ಹಗಲು ಬೆಳಕಿನಲ್ಲಿ ನೆಟ್ಟಗೆ ನೋಡಿದ್ದೇ ಇದು ಮೊದಲು... ಅವನು ಮಾತ್ರ ನೋಡುತ್ತಿದ್ದದ್ದು ನಮಾಜಿನ ಚಾಪೆಯನ್ನು. ಹಣೆ ಊರಿದ ಜಾಗದ ಪಕ್ಕದಲ್ಲಿ ರೂಪಾಯಿ ಅಗಲದ ಒದ್ದೆ.

"ಇಲ್ರೀ... ನೆಗಡಿ."

ಮೇ ತಿಂಗಳು, ಲಿಂಗಸುಗೂರು, ನೆಗಡಿ! ಆ ತಿಂಗಳಲ್ಲಿ ಅಲ್ಲಿ ಮಡಕೆಯ ನೀರಿಗೂ ಜ್ವರ ಬಂದಿರುತ್ತದೆ. ಸೀನಿಲ್ಲ, ಕೆಮ್ಮಿಲ್ಲ, ಇದೆಂಥ ನೆಗಡಿ?

ನಿಯಾಜ್ ಹೊರಳಿ ಹೊರಗೆ ಹೋದ.

ನಿಜ ಬೇರೆಯೇ ಇತ್ತು. ಒಂದು ವರ್ಷದಿಂದ ಶಾಹೀಸ್ತಾ ಬಾಗಿದಾಗಲೆಲ್ಲ ಎಡ ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತವರು ಮಸ್ಕಿಯಿಂದ ಕಳಿಸುವಾಗ ತಾಯಿ ದಾವಲ್‌ಬೀ ಕಿವಿಯಲ್ಲಿ ಊದಿದ್ದಳು.

"ಅತ್ತಿ ಮನ್ಯಾಗ ಬಾಯಿ ಬಿಡಬ್ಯಾಡ ಬೇಟಿ. ಸೋರೋ ಕೊಡಾ ತಂದು ನಮ್ಮ ತಲಿಗೆ ಕಟ್ಯಾರ ಅಂತಾರ!"

ಶಾಹೀಸ್ತಾ ಬಾಯಿ ಬಿಡಲಿಲ್ಲ. ಮೂಗು ಮಾತ್ರ ಮಾತು ಕೇಳಲಿಲ್ಲ.

ಅತ್ತೆ ಬಿಬಿಜಾನ್ ಓಣಿ ತುಂಬ ಡಂಗುರ ಸಾರಿದಳು. "ನಮ್ಮ ಸೊಸಿ ಎಂಥಾ ಅಲ್ಲಾವಾಲಿ ಅಂತೀರಿ! ಸಜ್ದಾದಾಗ ತಲಿ ಇಟ್ಲಂದ್ರ ಸಾಕು, ಕಣ್ಣೀರು ತೊಟ್ಟಿಕ್ಕತಾವವ್ವ."

ಮಕ್ಕಳಾಗದವರು, ಮಗನ ನೌಕರಿ ಆಗದವರು, ದುವಾ ಮಾಡಿಸಿಕೊಳ್ಳಲು ಮನೆಗೇ ಬರತೊಡಗಿದರು. ಮೂಗಿನ ಪುಣ್ಯದಿಂದ ಮೂರೇ ವಾರದಲ್ಲಿ ಶಾಹೀಸ್ತಾ ಹರಕೆ ಹೊರುವವರ ಪಾಲಿನ ಅರ್ಧ ಸಂತಳೇ, ಬೀಬಿಮಾ ಆದಳು!

ಗಂಡನ ಎಣಿಕೆಯೇ ಬೇರೆ. ಸಿಂಧನೂರಿನಲ್ಲಿದ್ದ ಅವಳ ಸೋದರಮಾವನ ಮಗ ಹಫೀಜನಿಗೆ ಅವಳನ್ನು ಕೊಡುವ ಮಾತು ಹಿಂದೆ ನಡೆದಿತ್ತು.

'ಅವನ್ನ ಬೇಡಿಕೊಂಡು ಅಳಾಕತ್ತಾಳ... ಐದೂ ಹೊತ್ತು!'

ನಿಯಾಜ್ ಹೊಲಗಳಿಗೆ ಹನಿ ನೀರಾವರಿ ಪೈಪು ಕೂಡಿಸುವವನು. ಪಾಮನಕಲ್ಲೂರಿನ ಯಾವ ಹೊಲದಲ್ಲಿ ಯಾವ ಪೈಪು ಸೋರುತ್ತದೆಂದು ಬೈಕಿನ ಮೇಲೆ ಕುಳಿತೇ ಹೇಳುವ ಗಟ್ಟಿಗ. ಮನೆಯೊಳಗಿನ ಹನಿ ಮಾತ್ರ ಆ ಜಾಣನಿಗೆ ಎಂಟು ವಾರವಾದರೂ ತಿಳಿಯಲಿಲ್ಲ. ಮಾತು ಕಡಿಮೆಯಾಯಿತು. ಊಟಕ್ಕೂ ಮನೆಗೆ ಬಾರದೆ, ಮಧ್ಯಾಹ್ನದ ಬುತ್ತಿ ಅವನ ಪೈಪಿನ ಅಂಗಡಿಗೇ ಹೋಗತೊಡಗಿತು.

'ನನ್ನ ಮೂಗಿಗೆ ಹೇಸಿಕೊಂಡಾರ...' ಎಂದು ಅವಳು ಒಳಗೇ ಬೇಯುತ್ತಿದ್ದಳು.

ಒಂದು ಮುಂಜಾನೆ ಅವನು ಬ್ಯಾಗು ತಂದಿಟ್ಟು ಹೇಳಿಯೇಬಿಟ್ಟ.

"ಬಟ್ಟಿ ಕಟ್ಕೊ. ಮಸ್ಕಿಗೆ ಬಿಟ್ಟು ಬರ್ತೀನಿ."

ಅವಳು ಅವನ ಕಡೆ ತಿರುಗಿದಳು. "ಎಷ್ಟು ದಿನಕ್ರೀ?"

"ಕಾಯಂ! ಜುಲುಮಿಲೇ ಹಿಡಿದಿಟ್ಕೊಳ್ಳೋ ಗಂಡಸಲ್ಲ ನಾ. ನೀ ಅವನ್ನ ನೆನೆಸಿ ಅಳೋದು ನೋಡಾಕ ನನ್ನ ಕೈಲಿ ಆಗವಲ್ದು."

"ಯಾರನ್ನ?"

"ಹಫೀಜನ್ನ!"

ಶಾಹೀಸ್ತಾಳಿಗೆ ನಗು ಬಂತು. ಅದರ ಬೆನ್ನಿಗೇ ಸಿಟ್ಟು.

"ಆ ಗುಟ್ಕಾದ ಚೀಲಾನ ನೆನೆಸಿ ನಾ ಅಳ್ಳೇನ್ರೀ? ಎಲ್ಲಿ, ಕೊಡ್ರಿ ಬ್ಯಾಗು!"

ಬಗ್ಗಿ ಬ್ಯಾಗಿಗೆ ಕೈ ಹಾಕಿದಳು. ಅವನೂ ಹಾಕಿದ.

ಟಪ್... ಟಪ್... ಟಪ್...

ಅವನ ಮುಂಗೈ ಮೇಲೆ ಮೂರು ಹನಿ.

ನಿಯಾಜ್ ಅವಳ ಕಣ್ಣು ನೋಡಿದ. ಕೆಂಡದಂತೆ ಉರಿಯುತ್ತಿದ್ದವು. ಆದರೆ ಒಣ!

"ಇನ್ನೊಮ್ಮೆ ಬಾಗು."

"ಬಿಡ್ರೀ..."

"ಬಾಗು ಅಂದೆ!"

ಬಾಗಿದಳು, ಬಿತ್ತು. ಎದ್ದಳು, ನಿಂತಿತು. ಒಂದೇ ಹೊರಳೆಯಿಂದ, ಒಂದೇ ಅಳತೆಯ ಹನಿ, ಬಾವಿ ನೀರಿನಷ್ಟು ತಿಳಿ. ಅವನ ಮುಖ ಬಿಳುಚಿಕೊಂಡಿತು.

"ಇದು ನೆಗಡಿ ಅಲ್ಲ ಶಾಹೀಸ್ತಾ... ಯಾವಾಗಿಂದ?"

"ವರ್ಷಾತ್ರೀ. ಹೇಳಿದ್ರ ಬಿಟ್ಟು ಬಿಡ್ತೀರಿ ಅಂತ..."

"ಹೇಳ್ಲಿಲ್ಲಂತ ಬಿಡಾಕ ಹೊಂಟಿದ್ನಲ್ಲ, ನನ್ನಂಥಾ ಹುಚ್ಚ ಯಾವನಿದ್ದಾನು!"

ಬೈಕು ಹೊರಟಿತು. ಮಸ್ಕಿ ಬಂತು, ಬೈಕು ನಿಲ್ಲಲಿಲ್ಲ. ಸಿಂಧನೂರಿನ ಕಿವಿ-ಮೂಗು ವೈದ್ಯೆ ದೀಪಾ ಅವರ ಬಾಗಿಲಲ್ಲೇ ನಿಂತಿತು.

ಆ ನೀರಿನ ಪರೀಕ್ಷೆ, ಸ್ಕ್ಯಾನು ಎಲ್ಲ ಮುಗಿದು, ವಾರದ ಮೇಲೆ ದೀಪಾ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಮೆದುಳಿನ ಸುತ್ತ ಇರೋ ನೀರು. ಮೆದುಳಿನ ಕೆಳಗಿನ ಎಲುಬಿನಾಗ ತೂತು ಬಿದ್ದೈತಿ. ಅದೇ ದಾರಿಲೇ ಸೋಂಕು ಮ್ಯಾಲೇರಿದ್ರ ಜೀವಕ್ಕ ಅಪಾಯ. ಹುಬ್ಬಳ್ಳಿಯಾಗ ಆಪರೇಷನ್ ಆಗಬೇಕು."

"ತಲಿ ಕೊಯ್ತಾರೇನ್ರೀ?" ನಿಯಾಜನ ದನಿ ಒಣಗಿತ್ತು.

"ಇಲ್ಲ. ಮೂಗಿನಾಗ ಸಣ್ಣ ದುರ್ಬೀನು ಹಾಕಿ ಒಳಗಿಂದನ ಮುಚ್ಚತಾರ. ಆದ್ರ ಹೋಗಾಕ ಎರಡು ದಾರಿ ಅದಾವ." ಚೀಟಿಯ ಹಿಂದೆ ಗೆರೆ ಎಳೆದರು. "ಒಂದು ನೆಟ್ಟನ ದಾರಿ. ಸಲೀಸು. ಆದ್ರ ತೂತು ಮೂಲ್ಯಾಗ ಐತಿ, ಪೂರಾ ಕಾಣಂಗಿಲ್ಲ. ಮುಚ್ಚಿದ್ದು ಮತ್ತ ಬಿಚ್ಚಬಹುದು. ಇನ್ನೊಂದು, ಗಲ್ಲದ ಹಿಂದಿಂದ ಎಲುಬು ಕೊರಕೊಂಡು ಹೋಗೋದು. ತೂತಿನ ಎದುರಿಗೇ ನಿಂತಂಗ! ಗಟ್ಟಿ ಕೂಡ್ತದ. ಆದ್ರ..."

"ಆದ್ರ?"

"ಆ ದಾರ್ಯಾಗ ಕಣ್ಣೀರಿನ ನರ ಐತಿ. ಕಡೀಬೇಕಾಗಬಹುದು. ಕಣ್ಣು ಕಾಣ್ತದ, ಆದ್ರ ಎಡಗಣ್ಣಿನಾಗ ನೀರು ಬರಲಿಕ್ಕಿಲ್ಲ. ದಿನಾ ಔಷಧದ ಹನಿ ಹಾಕ್ಕೋಬೇಕು. ಹೇಳ್ರಿ ನಿಯಾಜ್, ಯಾವುದು?"

ಅವನು ಹೆಂಡತಿಯ ಕಡೆ ನೋಡಿದ. 'ನೆಟ್ಟನ ದಾರಿ ಅಂದುಬಿಡು... ಆ ಕಣ್ಣಿಗೆ ಏನೂ ಆಗಬಾರದು...' ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಅವಳ ಮನಸ್ಸಿನಲ್ಲಿ ಏನಿದೆಯೆಂದು ಕೇಳದೆಯೇ ತಾನೇ ತೀರ್ಮಾನಿಸಿ ಒಮ್ಮೆ ಕೆಟ್ಟಿದ್ದ.

"ತಲಿ ಆಕಿದು, ಕಣ್ಣು ಆಕಿದು ಮೇಡಂ. ಆಕಿನ್ನ ಕೇಳ್ರಿ."

ಶಾಹೀಸ್ತಾ ಗೆರೆ ಎಳೆದ ಚೀಟಿಯನ್ನು ತನ್ನತ್ತ ಎಳೆದುಕೊಂಡಳು. ಹುಟ್ಟಿದಾಗಿನಿಂದ ಅವಳನ್ನು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ.

"ನೆಟ್ಟನ ದಾರ್ಯಾಗ ಹೋದ್ರ ಮತ್ತ ಸೋರಬಹುದೇನ್ರೀ ಮೇಡಂ?"

"ಸೋರಬಹುದವ್ವ. ಆ ಮೂಲಿ ಹಂಗೈತಿ."

"ಹಂಗಾರ ಸುತ್ತಿನ ದಾರಿ."

"ಶಾಹೀಸ್ತಾ!" ನಿಯಾಜ್ ತಡೆಯಲಾರದೆ ಕೂಗಿದ.

"ದಿನಾ ಸಾವಿಗೆ ಅಂಜಿಕೊಂತ ಬಗ್ಗಾಕ ನನಗಾಗಂಗಿಲ್ರೀ. ಕಣ್ಣೀರಿಲ್ಲದ ಇದ್ದೇನು." ತಲೆ ತಗ್ಗಿಸಿದಳು. "ನೀವಿಲ್ಲದ ಇರಲಾರೆ."

ದೀಪಾ ಇದ್ದಕ್ಕಿದ್ದಂತೆ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಹುಬ್ಬಳ್ಳಿಯಲ್ಲಿ ಐದು ತಾಸು. ಆಪರೇಷನ್ ಕೋಣೆಯ ಹೊರಗೆ ಬಿಬಿಜಾನ್ ದುವಾಕ್ಕೆ ಕೈ ಎತ್ತಿ ಕೂತಿದ್ದಳು, ನಿಯಾಜ್ ಕೂರಲಾರದೆ ನಿಂತಿದ್ದ. ಹೊರಬಂದ ಸರ್ಜನ್ ಹೇಳಿದ್ದು ಎರಡೇ ಮಾತು: "ಮುಚ್ಚೀವಿ. ನರ ಉಳೀಲಿಲ್ಲ."

ಮತ್ತೆ ಸೋರಿದರೆ? ಆರು ವಾರ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಪ್ರತಿ ದಿನವೂ ಒಂದು ವರ್ಷ! ಕೊನೆಗೆ ಸಿಂಧನೂರಿನಲ್ಲಿ ದೀಪಾ ದುರ್ಬೀನು ಒಳಗಿಟ್ಟು ನೋಡಿದರು... ನೋಡುತ್ತಲೇ ಇದ್ದರು. ನಿಯಾಜ್ ಕುರ್ಚಿಯ ಅಂಚಿಗೆ ಸರಿದ.

"ಗಟ್ಟಿ ಕೂಡೈತಿ. ಒಂದು ಹನಿ ಇಲ್ಲ!"

ಶಾಹೀಸ್ತಾಳ ಬಲಗಣ್ಣು ತುಂಬಿ ಹರಿಯಿತು. ಎಡಗಣ್ಣು ಸುಮ್ಮನೆ ಕೂತಿತ್ತು.

ಹೊರಗಿನ ಬೆಂಚಿನ ಮೇಲೆ ನಿಯಾಜ್ ಅವಳ ಒಣ ಗಲ್ಲವನ್ನು ಮೆಲ್ಲಗೆ ಮುಟ್ಟಿದ.

"ಒಂದ ಕಣ್ಣಿಲೇ ಅಳಾಕತ್ತೀಯಲ್ಲ..."

"ನನ್ನ ಪಾಲು ಇಷ್ಟ ರೀ. ಉಳಿದದ್ದು ನೀವು ಅಳ್ರಿ."

ಅವನು ಆಗಲೇ ಶುರು ಮಾಡಿದ್ದ.