ನಿಂತರೆ ಆರುವ ಎಂಜಿನ್

ಗಂಡನ ಹಾಲುತುಪ್ಪ ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಾಮರೈ ಕೋತಗಿರಿ ಠಾಣೆಯ ಮೆಟ್ಟಿಲು ಹತ್ತಿದಳು.

"ಅಪಘಾತ ಅಂತ ಬರಕೊಂಡಿದ್ದೀರಲ್ಲ ಮೇಡಂ, ಅಪಘಾತ ಅಲ್ಲ ಅದು. ಆ ಮೆಕ್ಯಾನಿಕ್ ಅಂತೋಣಿ ಕೊಂದಿದ್ದು. ಕಾರು ನಿಂತರೆ ಸಾಕು, ಎಂಜಿನ್ ಆಫ್ ಆಗ್ತಿತ್ತು. ಎರಡು ಸಲ ಅವನ ಹತ್ರ ರಿಪೇರಿಗೆ ಬಿಟ್ವಿ. ಸರಿ ಹೋಯ್ತು ಅಂತ ಕೊಡ್ತಿದ್ದ. ವಾರದಲ್ಲಿ ಮತ್ತೆ ಅದೇ ರಾಗ."

ಇನ್ಸ್‌ಪೆಕ್ಟರ್ ಕನಕವಲ್ಲಿ ದೂರು ಬರೆಸಿಕೊಂಡರು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ಆರೋಪ ನಿಂತರೆ ಅಂತೋಣಿಗೆ ಜೈಲು. ಈಗಾಗಲೇ ಟ್ಯಾಕ್ಸಿ ಸ್ಟ್ಯಾಂಡಿನವರು ಅವನ ಗ್ಯಾರೇಜಿನ ಬಾಗಿಲಿಗೆ ಕಲ್ಲು ಹೊಡೆದಿದ್ದರು.

ಸತ್ತವನು ಇಳಂಗೋ, ಬಾಡಿಗೆ ಕಾರಿನ ಚಾಲಕ. ಹೋದ ಗುರುವಾರ ನಸುಕಿನಲ್ಲಿ ಒಬ್ಬನೇ ಕೊಯಮತ್ತೂರು ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದಾಗ ಕುಂಜಪ್ಪನೈ ಹತ್ತಿರದ ತಿರುವಿನಲ್ಲಿ ಕಾರು ಕಂದಕಕ್ಕೆ ಬಿದ್ದಿತ್ತು.

ಮಧ್ಯಾಹ್ನ ನಜ್ಜುಗುಜ್ಜಾದ ಕಾರಿನ ಪಂಚನಾಮೆ. ಸಾರಿಗೆ ಇಲಾಖೆಯ ಬ್ರೇಕ್ ಇನ್ಸ್‌ಪೆಕ್ಟರ್ ಬಗ್ಗಿ ಬಗ್ಗಿ ನೋಡಿ ಹೇಳುತ್ತ ಹೋದರು, ಹೆಡ್ ಕಾನ್‌ಸ್ಟೇಬಲ್ ಮರುದಾಚಲಂ ಬರೆಯುತ್ತ ಹೋದ. ಕೀ ಆನ್ ಆಗಿಯೇ ಇದೆ. ಗೇರು ನ್ಯೂಟ್ರಲ್‌ನಲ್ಲಿದೆ. ಎಂಜಿನ್ನಿನಿಂದ ಬ್ರೇಕಿಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗದಲ್ಲಿ ಒಂದು ತೂತು.

"ಇದರಿಂದ ಎಂಜಿನ್ ನಿಲ್ಲುತ್ತಾ?" ಕನಕವಲ್ಲಿ ಕೇಳಿದರು.

"ಓಡುವಾಗ ಇಲ್ಲ. ಆಕ್ಸಿಲರೇಟರಿಂದ ಕಾಲು ತೆಗೆದು ಸುಮ್ಮನೆ ಉರಿಯಲು ಬಿಟ್ಟರೆ ತೂತಿನಿಂದ ಗಾಳಿ ಹೆಚ್ಚಾಗಿ ಆರಿಹೋಗುತ್ತೆ. ಎಂಜಿನ್ ಆರಿದರೆ ಬ್ರೇಕು ಕಲ್ಲಿನ ಹಾಗೆ ಗಟ್ಟಿ, ತುಳಿದರೂ ಹಿಡಿಯಲ್ಲ. ಇವನು ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿದಿದ್ದಾನೆ. ಈ ಘಾಟಿಯಲ್ಲಿ ಯಾರು ಹಾಗೆ ಇಳಿಯಲ್ಲ ಹೇಳಿ!"

ಅಂತೋಣಿಯನ್ನು ಠಾಣೆಗೆ ಕರೆತಂದು ಕೂರಿಸಿದರು.

"ಏನು ರಿಪೇರಿ ಮಾಡಿದೆ?"

"ಮೊದಲ ಸಲ ಪ್ಲಗ್ ನೋಡ್ದೆ ಅಮ್ಮ, ಥ್ರಾಟಲ್ ಬಿಚ್ಚಿ ತೊಳೆದೆ. ಆಗಲೂ ಆಫ್ ಆಗ್ತಿತ್ತು. ಕಿವಿ ಕೊಟ್ಟೆ, ಬುಸ್ ಅಂತ ಸದ್ದು. ಹೋಸನ್ನು ಇಕ್ಕಳದಲ್ಲಿ ಹಿಸುಕಿದ ಕೂಡಲೇ ಎಂಜಿನ್ ಹದಕ್ಕೆ ಬಂತು. ಇಲಿ ಕಡಿದಿತ್ತು. ಹೊಸದು ಹಾಕಿದೆ."

"ಎರಡನೇ ಸಲ?"

"ಮತ್ತೆ ಹೋಸೇ. ಮತ್ತೆ ಇಲಿ ಅಂದ್ಕೊಂಡು ಬದಲಾಯಿಸಿ, ನುಸಿಗುಳಿಗೆ ಕಟ್ಟಿ ಕಳಿಸಿದೆ. ನನ್ನ ಗ್ಯಾರೇಜಲ್ಲಿ ಇಡೀ ದಿನ ಉರಿಸಿದೀನಿ ಅಮ್ಮ, ಒಂದು ಸಲನೂ ನಿಲ್ಲಲಿಲ್ಲ. ಮನೆಗೆ ಹೋದ್ರೆ ಮತ್ತೆ ಶುರು."

"ಹಳೇ ಹೋಸು ಎಲ್ಲಿ?"

ಗ್ಯಾರೇಜಿನ ಗುಜರಿ ಡಬ್ಬದಲ್ಲಿ ಎರಡೂ ಸಿಕ್ಕವು. ಮರುದಾಚಲಂ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದರಲ್ಲಿ ಹಲ್ಲಿನ ಗೀರು, ಕಿತ್ತ ಅಂಚು. ಎರಡನೆಯದರಲ್ಲೂ ಕಾರಿನಿಂದ ಬಿಚ್ಚಿದ್ದರಲ್ಲೂ ಗುಂಡಗೆ ಒಂದೊಂದೇ ತೂತು, ಅದೂ ಕಣ್ಣಿಗೆ ಬೀಳದ ಅಡಿಭಾಗದಲ್ಲಿ.

"ದಬ್ಬಣ ಹಿಡಿಯೋ ಇಲಿ ನಮ್ಮೂರಲ್ಲಿ ಯಾವಾಗ ಹುಟ್ಟಿತಮ್ಮ?" ಎಂದ ಮರುದಾಚಲಂ.

"ಈ ಹೋಸಿನ ವಿಷಯ ಯಾರಿಗೆ ಹೇಳಿದ್ದೆ?"

ಅಂತೋಣಿ ಯೋಚಿಸಿದ. "ಇಳಂಗೋಗೆ. ಮೊದಲ ಸಲ ಅವರಮ್ಮನೂ ಬಂದಿದ್ರು, ಮಗನಿಗೇನಾದ್ರೂ ಅಪಾಯವಾ ಅಂತ ಕೇಳಿದ್ರು. ಹೆದರಬೇಡಿ ಆತ್ತಾ, ನಿಂತಾಗ ಆಫ್ ಆಗುತ್ತೆ ಅಷ್ಟೇ, ಓಡುವಾಗ ಏನೂ ಆಗಲ್ಲ ಅಂತ ನಾನೇ..." ಅವನು ಮೇಜಿನ ಮೇಲಿನ ಹೋಸುಗಳತ್ತ ತಿರುಗಿ ನೋಡಿದ.

ಮಂಗಳವಾರ ಮೂರು ಗಂಟೆಗೆ ಜೀಪು ಇಳಂಗೋನ ಮನೆಯ ಮುಂದೆ ನಿಂತಿತು. ಕಾರು ನಿಲ್ಲಿಸುತ್ತಿದ್ದ ತಗಡಿನ ಮಾಡಿನ ಕೆಳಗೆ ಟೀ ಸೊಪ್ಪಿನ ಹರಿದ ಚೀಲಗಳ ರಾಶಿ. ತಾಯಿ ಪಾಪಾತಿ ಎಸ್ಟೇಟಿನ ಚೀಲಗಳನ್ನು ಹೊಲಿದುಕೊಡುವವಳು. ರಾಶಿಯ ನಡುವೆ ಕೈಕಟ್ಟಿ ಕುಳಿತಿದ್ದಳು.

ಕನಕವಲ್ಲಿ ಪಕ್ಕದಲ್ಲಿ ಕುಕ್ಕರಿಸಿದರು. "ಆತ್ತಾ, ದಬ್ಬಣ ಎಲ್ಲಿ?"

"ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?" ಎಂದಳು ಪಾಪಾತಿ. ಸೊಂಟದ ಸೀರೆಯ ಮಡಿಕೆಯಿಂದ ದಬ್ಬಣ ತೆಗೆದು ನೆಲದ ಮೇಲಿಟ್ಟಳು. ಒಳಗಿನಿಂದ ಬಂದ ತಾಮರೈ ಬಾಗಿಲಲ್ಲೇ ನಿಂತುಬಿಟ್ಟಳು.

"ಅಂತೋಣಿಯನ್ನು ಬಿಟ್ಟುಬಿಡಿ," ಎಂದಳು ಪಾಪಾತಿ. "ಅವನದೇನೂ ಇಲ್ಲ."

"ಯಾಕೆ ಚುಚ್ಚಿದಿರಿ?"

"ನನ್ನ ಮಗ ಮಲಗ್ತಾನೇ ಇರ್ಲಿಲ್ಲಮ್ಮ. ಹಗಲು ಒಂದು ಬಾಡಿಗೆ, ರಾತ್ರಿ ಒಂದು. ಊಟದ ತಟ್ಟೆ ಮುಂದೆ ಕೂತಲ್ಲೇ ತೂಕಡಿಸೋನು. ಸಾಕು ಮಲಗೋ ನನ್ನ ಕಣ್ಣೇ ಅಂದ್ರೆ, ಮಲಗಿದ್ರೆ ಸಂಸಾರ ನೀನು ಎಳೀತೀಯಾ ಅಂತ ನಗೋನು. ಆವತ್ತು ಇಲಿ ಕಡಿದು ಕಾರು ಗ್ಯಾರೇಜಿಗೆ ಹೋಯ್ತಲ್ಲ, ಎರಡು ದಿನ ಮನೇಲಿ ಮಲಗಿದ. ಬಾಯಿ ತೆಗೆದುಕೊಂಡು, ಮಗು ಇದ್ದಾಗ ಮಲಗ್ತಿದ್ದ ಹಾಗೇ. ನಾನು ಪಕ್ಕದಲ್ಲಿ ಕೂತು ನೋಡ್ತಾ ಇದ್ದೆ."

"ಅತ್ತೆ..." ಎಂದಳು ತಾಮರೈ.

"ಸ್ಟ್ಯಾಂಡಲ್ಲೇ ಆಫ್ ಆಗುತ್ತೆ, ಮತ್ತೆರಡು ದಿನ ಮಲಗ್ತಾನೆ ಅಂದ್ಕೊಂಡೆ. ಓಡುವಾಗ ಏನೂ ಆಗಲ್ಲ ಅಂದಿದ್ದ ಅಂತೋಣಿ. ಇಳಿಜಾರಲ್ಲಿ ಕಾರು ಓಡ್ತಾನೇ ಇತ್ತಲ್ಲಮ್ಮ? ಮತ್ತೆ ಬ್ರೇಕು ಯಾಕೆ ಹಿಡೀಲಿಲ್ಲ?"

ಗೇರು ನ್ಯೂಟ್ರಲ್‌ನಲ್ಲಿದೆ ಎಂಬ ಪಂಚನಾಮೆಯ ಸಾಲು ಕನಕವಲ್ಲಿಗೆ ಬಾಯಿಪಾಠವಾಗಿತ್ತು. ಆ ವಾರವೆಲ್ಲ ಅವರು ತಮ್ಮ ಮಗಳ ಮುಖವನ್ನು ಅವಳು ಮಲಗಿದ್ದಾಗ ಮಾತ್ರ ನೋಡಿದ್ದರು. "ಗೊತ್ತಿಲ್ಲ ಆತ್ತಾ," ಎಂದರು.

ಇಬ್ಬರು ಪಂಚರ ಎದುರು ದಬ್ಬಣವನ್ನು ವಶಪಡಿಸಿಕೊಂಡು, ಸೂರ್ಯ ಮುಳುಗುವ ಮುನ್ನ, ಐದು ಗಂಟೆಗೆ ಬಂಧನವನ್ನು ದಾಖಲಿಸಿದರು. ಅಂತೋಣಿಯನ್ನು ಮನೆಗೆ ಕಳುಹಿಸುವಂತೆ ಠಾಣೆಗೆ ಫೋನ್ ಮಾಡಿದರು. ಪಾಪಾತಿ ಜೀಪು ಹತ್ತುವಾಗ ತಾಮರೈ ಓಡಿಬಂದು ಅವಳ ಹೆಗಲಿಗೆ ಒಂದು ಶಾಲು ಎಸೆದು, ಮುಖ ನೋಡದೆ ಒಳಗೆ ಹೋದಳು.

ಊರು ದಾಟಿದ ಮೇಲೆ ರಸ್ತೆ ಇಳಿಯತೊಡಗಿತು. ಜೀಪಿನ ಸದ್ದು ತಟ್ಟನೆ ಕುಗ್ಗಿತು.

"ಯಾಕಪ್ಪ, ಎಂಜಿನ್ ನಿಂತಿತಾ?" ಪಾಪಾತಿ ಬೆಚ್ಚಿ ಕೇಳಿದಳು.

"ಇಲ್ಲ ಆತ್ತಾ, ನ್ಯೂಟ್ರಲ್ ಮಾಡಿದೆ," ಎಂದ ಚಾಲಕ ಹಿಂದೆ ತಿರುಗದೆಯೇ. "ಇಳಿಜಾರಲ್ಲಿ ಗೇರು ಯಾಕೆ ದಂಡಕ್ಕೆ? ನಿಂತ ಗಾಡಿ ಥರಾನೇ ಸುಮ್ಮನೆ ಉರೀತಿರುತ್ತೆ. ಇಲ್ಲಿ ಎಲ್ಲರೂ ಹೀಗೇ ಇಳಿಯೋದು."

ಕನಕವಲ್ಲಿ ಅವನ ಭುಜ ಹಿಡಿದರು. ತಡವಾಗಿತ್ತು. ಪಾಪಾತಿ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು. ಆಮೇಲೆ ಅವಳ ಕೈ ಮುಂದೆ ಬಂದು ಚಾಲಕನ ಬೆನ್ನು ಮುಟ್ಟಿತು.

"ತಂಬಿ, ಗೇರು ಹಾಕಪ್ಪ. ನಿನ್ನಮ್ಮ ಕಾಯ್ತಿರ್ತಾಳೆ."

ಠಾಣೆಯಲ್ಲಿ ಮರುದಾಚಲಂ ಪೆನ್ನು ಹಿಡಿದು ಕುಳಿತ. "ಉದ್ದೇಶ ಏನಂತ ಬರೀಲಿ ಅಮ್ಮ?"

ಕನಕವಲ್ಲಿ ಹೇಳಿದರು: "ಮಗ ಎರಡು ದಿನ ನಿದ್ದೆ ಮಾಡಲಿ ಎಂದು."

ಅವನು ಹಾಗೆಯೇ ಬರೆದ.