ಕೇಸ್‌ಶೀಟಿನ ಶೇವಂತೆವ್ವ

ಕುರ್ಚಿ ಕೈತಪ್ಪಿದ್ದಕ್ಕಿಂತ, ಆ ಕುರ್ಚಿಯಿಂದ ಅವಳು ಎದ್ದು ನಿಲ್ಲುವುದೇ ಮಂಜೂರ ಜಮಾದಾರನಿಗೆ ಹೆಚ್ಚು ಉರಿ ಎಬ್ಬಿಸುತ್ತಿತ್ತು. ಸಿಂದಗಿಯ ಬೆಳಗು ಆರೋಗ್ಯ ವಿಜ್ಞಾನ ಕಾಲೇಜಿಗೆ ನಿಷತ ಅಧ್ಯಕ್ಷೆಯಾಗಿ ಎಂಟು ತಿಂಗಳಾಗಿತ್ತು. ಉಪಾಧ್ಯಕ್ಷನಾದ ಅವನು ಕೋಣೆಗೆ ಕಾಲಿಟ್ಟರೆ ಸಾಕು, ಯಾರ ಜೊತೆ ಮಾತಾಡುತ್ತಿದ್ದರೂ ನಿಲ್ಲಿಸಿ ಎದ್ದು, "ಬರ್ರಿ ಸರ್, ಕೂಡ್ರಿ" ಅನ್ನುತ್ತಿದ್ದಳು. ಚಡಚಣದಿಂದ ಬಂದ ಹುಡುಗಿ, ಮೊದಲ ವರ್ಷದಲ್ಲಿ ಥರ್ಮಾಮೀಟರ್ ಒಡೆದು ಅತ್ತವಳು. ಅವಳಿಗೆ ನಾಡಿ ಹಿಡಿಯಲು ಕಲಿಸಿದವನು ಅವನು. ಇಪ್ಪತ್ತೆರಡು ವರ್ಷ ಕಾಲೇಜಿಗಾಗಿ ಮೈ ಸವೆಸಿದವನೂ ಅವನೇ. ಟ್ರಸ್ಟಿನವರು ನೋಡಿದ್ದು ಅವಳ ಡಾಕ್ಟರೇಟನ್ನು. ಅವಳು ಎದ್ದು ನಿಂತಾಗಲೆಲ್ಲ ತಾನೇ ಕೆಳಗೆ ಕುಳಿತಂತಾಗುತ್ತಿತ್ತು.

"ನಿಮ್ಮ ಕೈಯಾಗ ಕಲ್ತಾಕಿ ಅಧ್ಯಕ್ಷಿ ಆಗ್ಯಾಳ. ಪೇಡೆ ಹಂಚೂದು ಬಿಟ್ಟು ಮಾರಿ ಯಾಕ ಹಿಂಗ ಮಾಡ್ಕೊಂಡು ಕುಂತೀರಿ?" ಎಂದು ಹೆಂಡತಿ ಅಫ್ರೋಜ ಕೇಳಿದ್ದಳು.

"ನಿನಗ ತಿಳಿಯಾಂಗಿಲ್ಲ, ಸುಮ್ಮನಿರು."

"ತಿಳೀತೈತಿ. ಅದಕ್ಕ ಕೇಳಾಕತ್ತೇನಿ."

ಅಸೂಯೆಪಡುವವರ ಕೆಡುಕಿನಿಂದ ಕಾಪಾಡು ಎಂದು ಅವನು ದಿನಾ ಬೆಳಗಿನ ನಮಾಜಿನ ಬಳಿಕ ಬೇಡುತ್ತಿದ್ದ. ಆ ಅಸೂಯೆಯವರು ಯಾರು ಎಂದು ಒಮ್ಮೆಯೂ ವಿಚಾರ ಮಾಡಿರಲಿಲ್ಲ.

ವಿಶ್ವವಿದ್ಯಾಲಯದ ತಪಾಸಣೆಯ ತಾರೀಖು ಬಂದಾಗ ನಿಷತ ಎಲ್ಲರನ್ನೂ ಕೂಡಿಸಿದಳು. ಕಾಲೇಜಿನ ಆಸ್ಪತ್ರೆಯಲ್ಲಿ ನೂರು ಹಾಸಿಗೆ, ಅರ್ಧ ಖಾಲಿ. "ಇದ್ದಷ್ಟ ಮಂದೀನ್ನ ತೋರ್ಸೋಣ್ರಿ," ಅಂದಳು. "ಒಂದೆರಡು ವರ್ಷ ಸೀಟು ಕಡಿಮಿ ಆಗ್ಲಿ. ಸುಳ್ಳು ಪೇಷಂಟ್ ತೋರ್ಸಿ ಸಿಕ್ಕಿಬಿದ್ರ ನಾನೂ ಇರಾಂಗಿಲ್ಲ, ಕಾಲೇಜೂ ಇರಾಂಗಿಲ್ಲ." ಎಲ್ಲರೂ ತಲೆಯಾಡಿಸಿದರು. ಮಂಜೂರನೂ ಆಡಿಸಿದ. ತನ್ನನ್ನು ಕೆಡವುವ ದಾರಿಯನ್ನು ಅವಳೇ ಬಾಯಿಬಿಟ್ಟು ಹೇಳಿಕೊಟ್ಟಿದ್ದಳು. ಕಾಲೇಜು ಮುಚ್ಚಲು ಟ್ರಸ್ಟಿನವರು ಬಿಡಲಾರರು, ಅವಳನ್ನೇ ಬಲಿಕೊಟ್ಟಾರು. ಅವಳು ಹೋದರೆ ಹೊಸಬರು ಬರುವತನಕ ಕುರ್ಚಿ ಉಪಾಧ್ಯಕ್ಷನಿಗೆ. ಹೊಸಬರು ಬರದಂತೆ ನೋಡಿಕೊಳ್ಳುವುದು ಅವನಿಗೆ ಗೊತ್ತಿತ್ತು.

ಪ್ರತಿ ಮಂಗಳವಾರ ವಾರ್ಡು ಸುತ್ತಿ, ಒಂದೊಂದು ಕೇಸ್‌ಶೀಟಿನ ಕೊನೆಗೂ ಷರಾ ಬರೆದು ಸಹಿ ಹಾಕುವುದು ನಿಷತಳ ಪದ್ಧತಿ. ನಾಲ್ಕು ವರ್ಷ ಅವಳ ಉತ್ತರಪತ್ರಿಕೆ ತಿದ್ದಿದ ಮಂಜೂರನಿಗೆ ಅವಳ ಅಕ್ಷರದ ಒಂದೊಂದು ಬಾಗೂ ಬಾಯಿಪಾಠ. ನಾಲ್ಕು ಭಾನುವಾರ, ಇಂಡಿ ಊರಿನ ತನ್ನ ಮನೆಯ ಮುಂದಿನ ಕೋಣೆಯಲ್ಲಿ, ಪೇಪರ್ ತಿದ್ದುವ ನೆಪ ಹೇಳಿ ಅವನು ಇಪ್ಪತ್ತು ರೋಗಿಗಳನ್ನು ಹುಟ್ಟಿಸಿದ. ತಾಂಬಾದ ಶೇವಂತೆವ್ವನಿಗೆ ಸಕ್ಕರೆ ಕಾಯಿಲೆಯ ಜೊತೆ ಜ್ವರವನ್ನೂ ಕೊಟ್ಟ. ಇಂಗಳೇಶ್ವರದ ಭೀಮಶ್ಯಾನಿಗೆ ರಕ್ತದೊತ್ತಡ ಏರಿಸಿದ. ದಾದಿಯರ ಕೈಬರಹಕ್ಕೆ ಮೂರು ಬಗೆ ಪೆನ್ನು ಬಳಸಿದ, ಕೆಲವು ಹಾಳೆಗಳ ಮೇಲೆ ಚಹಾದ ಬಟ್ಟಲನ್ನೂ ಇಟ್ಟು ತೆಗೆದ.

ಕೆಲಸ ಹಿಡಿಸಿತು. ಎಷ್ಟೋ ವರ್ಷದಿಂದ ಬರೀ ಫೈಲು, ಬರೀ ಮೀಟಿಂಗು. ಈಗ ಮತ್ತೆ ವಾರ್ಡಿಗೆ ಹೋದಂತಿತ್ತು. ಶೇವಂತೆವ್ವನ ಜ್ವರ ಮೂರನೇ ದಿನ ಇಳಿದಾಗ ಅವನಿಗೆ ಖರೇನೇ ಸಮಾಧಾನವಾಯಿತು. ಐದನೇ ದಿನ ಅವಳನ್ನು ಗುಣಪಡಿಸಿ ಮನೆಗೆ ಕಳಿಸಿ, ಕೆಳಗೆ ನಿಷತಳ ಷರಾ ಮತ್ತು ಸಹಿ ಇಳಿಸಿದ. ಆ ಸಹಿಯನ್ನು ಖುದ್ದು ನಿಷತಳೇ ತನ್ನದಲ್ಲ ಎನ್ನಲಾರಳು.

ದಾಖಲೆ ಕೋಣೆಯ ಗುಮಾಸ್ತ ಕಲ್ಮೇಶ ಹನ್ನೊಂದಕ್ಕೆ ಚಹಾಕ್ಕೆ ಹೋದರೆ ಇಪ್ಪತ್ತು ನಿಮಿಷ ಬರುವವನಲ್ಲ. ಅಷ್ಟರಲ್ಲಿ ಇಪ್ಪತ್ತೂ ಹಾಳೆಕಟ್ಟು ಕಪಾಟು ಸೇರಿದವು. ವಿಶ್ವವಿದ್ಯಾಲಯಕ್ಕೆ ಹೆಸರಿಲ್ಲದ ದೂರನ್ನು ಬಸವನ ಬಾಗೇವಾಡಿಯ ಟೈಪಿಂಗ್ ಅಂಗಡಿಯಲ್ಲಿ ಹೊಡೆಸಿ, ಮುದ್ದೇಬಿಹಾಳಕ್ಕೆ ಹೋಗಿ ಅಂಚೆಗೆ ಹಾಕಿದ. ಬಸ್ಸಿನಲ್ಲಿ ಮರಳುವಾಗ ಎಲ್ಲವನ್ನೂ ಇನ್ನೊಮ್ಮೆ ಎಣಿಸಿಕೊಂಡ: ಶಾಯಿ, ತಾರೀಖು, ಸಹಿ, ಹಾಸಿಗೆ ನಂಬರು. ಕೂದಲಿನಷ್ಟೂ ಬಿರುಕಿರಲಿಲ್ಲ.

ತಪಾಸಣೆಗೆ ಬಂದವರು ರುಕ್ಮಿಣೀಬಾಯಿ. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು ಮೇಲೇರಿದ ಹಿರಿಯ ದಾದಿ. ನೇರವಾಗಿ ಕಪಾಟು ತೆರೆಸಿದರು. ಹಾಳೆಯ ಮೇಲಿನ ನಂಬರುಗಳಿಗೆ ತಾವೇ ಫೋನ್ ಹಚ್ಚಿದರು. ಒಂದೂ ಹತ್ತಲಿಲ್ಲ. ತಾಂಬಾದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿಸಿದರೆ, ಅಂಥ ಶೇವಂತೆವ್ವ ಊರಲ್ಲೇ ಇಲ್ಲ ಎಂಬ ಉತ್ತರ ಬಂತು.

"ಈ ಸಹಿ ನಿಮ್ದ ಏನ್ರಿ?"

ನಿಷತಳ ಮುಖ ಬಿಳಿಚಿಕೊಂಡಿತು. "ನನ್ದ ಇದ್ದಂಗ ಐತ್ರಿ. ಆದ್ರ ನಾ ಹಾಕಿಲ್ಲ."

"ಎಲ್ಲಾರೂ ಹಂಗ ಅಂತಾರ. ಕಾಲೇಜ ಮುಚ್ಚಸ್ರಿ ಅಂತ ಪತ್ರಾ ಬರೀಬೇಕಾಗ್ತೈತಿ ಈಗ ನಾನು."

ಮಂಜೂರ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. "ಮೇಡಂ ಅಂಥಾವರಲ್ರಿ ಬಾಯಾರ. ನಾನ ಕಲಿಸೇನಿ ಅವ್ರಿಗೆ." ಮಾತಿನಲ್ಲಿ ಎಷ್ಟು ಬೇಕೋ ಅಷ್ಟೇ ಸಂಕಟ ಬೆರೆಸಿದ್ದ. ನಿಷತ ಕೃತಜ್ಞತೆಯಿಂದ ಅವನತ್ತ ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ.

ರುಕ್ಮಿಣೀಬಾಯಿ ಕನ್ನಡಕ ಮೇಲೇರಿಸಿ ಶೇವಂತೆವ್ವನ ಹಾಳೆಗೆ ಮರಳಿದರು, ಒಂದು ಸಾಲಿನ ಮೇಲೆ ಅವರ ಕಣ್ಣು ನಿಂತಿತು. ಎರಡನೇ ದಿನದ ಸಾಲಿನಲ್ಲಿ ಮಂಜೂರ ಭೀಮಶ್ಯಾನ ರಕ್ತದೊತ್ತಡವನ್ನು ತಪ್ಪಿ ಇವಳಿಗೆ ಬರೆದಿದ್ದ. ಒಡನೆ ಸರಿಪಡಿಸಿಯೂ ಇದ್ದ. ರೋಗಿಯ ದಾಖಲೆಯಲ್ಲಿ ತಪ್ಪಾದರೆ ಅಳಿಸಬಾರದು, ಮೇಲೆ ತೀಡಬಾರದು. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ತಪ್ಪಿದವರೇ ಪಕ್ಕದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು. ಮೊದಲ ವರ್ಷದವರಿಗೆ ಇಪ್ಪತ್ತೆರಡು ವರ್ಷ ಅವನು ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದ ಪಾಠ ಅದು. ಮನಸ್ಸು ಸಹಿಯ ಮೇಲಿದ್ದಾಗ ಕೈ ತನ್ನ ಪಾಡಿಗೆ ಆ ಪಾಠವನ್ನು ಪಾಲಿಸಿಬಿಟ್ಟಿತ್ತು. "ವಾರ್ಡಿನಾಗ ಈ ಎಂ.ಜೆ. ಅನ್ನಾವ್ರು ಯಾರ್ರಿ?" ಎಂದು ರುಕ್ಮಿಣೀಬಾಯಿ ಹಾಳೆಯನ್ನು ಮೇಜಿನ ನಡುವೆ ತಿರುಗಿಸಿಟ್ಟರು. ವಾರ್ಡಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹಾಳೆಯ ಮೇಲೆ ನೀಲಿ ಶಾಯಿಯ ಒಂದು ನೆಟ್ಟನೆಯ ಗೆರೆಯಿತ್ತು. ಅದರ ಪಕ್ಕ ದುಂಡಗೆ, ಸ್ಪಷ್ಟವಾಗಿ, ಮಂಜೂರ ಜಮಾದಾರನ ಎರಡು ಅಕ್ಷರ.