ನಟ್ಟಿಗೊಂದು ನಾಮ

ಬಾಗಿಲ ಮೇಲಿದ್ದ ಆ ಹೆಸರನ್ನು ಪ್ರಭುದೇವ ಅಳಿಸದೆ ಬಿಟ್ಟಿದ್ದರೆ ವರದರಾಜನ ಕೈಗೆ ಪಾಪ ಹತ್ತುತ್ತಿರಲಿಲ್ಲವೇನೋ. ದೊಡ್ಡದಾಗಿ ಬರೆಸಿದ್ದೇನಲ್ಲ. ಮಿಲಿಟರಿ ಲಾರಿಯ ಎಡಬಾಗಿಲ ಕೆಳಗಂಚಿನಲ್ಲಿ, ಬೆರಳಗಲದ ಬಿಳಿ ಅಕ್ಷರದಲ್ಲಿ ‘ಹವಾಲ್ದಾರ್ ದೊಡ್ಡಬೈರಪ್ಪ’ ಎಂದಿತ್ತು, ಅಷ್ಟೆ. ಆವತ್ತು ಬೆಳಗ್ಗೆ ಬಂದು ನೋಡಿದರೆ ಆ ಜಾಗದಲ್ಲಿ ಹಸಿರು ಬಣ್ಣದ ಹಸಿ ವಾಸನೆ ಮಾತ್ರ ಉಳಿದಿತ್ತು.

“ಸತ್ತೋರ ಹೆಸರು ಗಾಡಿ ಮೇಲೆ ಯಾಕೆ ವರದಣ್ಣ? ಅಪಶಕುನ,” ಎಂದ ಪ್ರಭುದೇವ, ಫೋನಿನಿಂದ ತಲೆಯೆತ್ತದೆ. “ನಾಳೆ ಟೀವಿಯವ್ರು ಬರ್ತಾರೆ. ನೋಡ್ದವ್ರು ಏನಂದ್ಕೋತಾರೆ?”

ಟೀವಿಯವರು ಬಂದರು. ಪ್ರಭುದೇವ ಬಾನೆಟ್ಟಿನ ಮೇಲೆ ಕೈಯೂರಿ ನಿಂತು, “ನಾಲ್ಕು ವರ್ಷ ಸಾರ್! ಒಂದೊಂದು ನಟ್ಟೂ ನಾನೇ ಬಿಗ್ದಿದ್ದು. ಸ್ಪ್ಯಾನರ್ ಎತ್ಕೊಡಕ್ಕೆ ಒಬ್ಬ ಮುದುಕಪ್ಪ ಇದ್ದ,” ಎಂದು ನಕ್ಕ. ಆ ಮುದುಕಪ್ಪ, ವರದರಾಜ, ಕ್ಯಾಮೆರಾದ ಹಿಂದೆಯೇ ಗ್ರೀಸ್ ಡಬ್ಬಿ ಹಿಡಿದು ನಿಂತಿದ್ದ.

ಸೇನೆಯ ಹರಾಜಿನಲ್ಲಿ ಪ್ರಭುದೇವ ಕೊಂಡ ಆ ಲಾರಿ ಚಾಮರಾಜಪೇಟೆಯ ಅವನ ಹಳೆಯ ಮರದ ಡಿಪೋಗೆ ಬಂದಾಗ ಅದರ ಇಂಜಿನ್ನಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಸೈಟು ವ್ಯಾಪಾರದ ಪ್ರಭುದೇವನಿಗೆ ಅದೊಂದು ಶೋಕಿ. ಸೇನೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದಿದ್ದ ವರದರಾಜನಿಗೆ ಅದು ಪ್ರಾಯಶ್ಚಿತ್ತ. ಎಲ್ಲೂ ಸಿಗದ ಗ್ಯಾಸ್ಕೆಟ್ಟನ್ನು ಕಾರ್ಕ್ ಹಾಳೆಯಲ್ಲಿ ತಾನೇ ಕತ್ತರಿಸಿದ. ಗೇರ್‌ಬಾಕ್ಸಿನ ಒಂದು ಹಲ್ಲುಚಕ್ರಕ್ಕಾಗಿ ಊರಿನ ಗುಜರಿಯನ್ನೆಲ್ಲ ಜಾಲಾಡಿದ. ಕೂಲಿ ಕೊಡಲು ಬಂದರೆ, ಬೇಡ, ಬಾಗಿಲ ಮೇಲೆ ಒಂದು ಹೆಸರು ಬರೆಸಿ ಸಾಕು ಎಂದಿದ್ದ.

ಆ ದೊಡ್ಡಬೈರಪ್ಪ, ವರದರಾಜನ ಬಾಯಲ್ಲಿ ಬೈರಣ್ಣ, ಆನೇಕಲ್ ಕಡೆಯವನು. ಇಪ್ಪತ್ತು ದಾಟಿದ ವರದರಾಜನ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವನೇ ಅವನು. ನಟ್ಟನ್ನು ಕೊನೆಯ ಬಿಗಿ ಬಿಗಿದ ಮೇಲೆ, ಅದರ ತಲೆಯಿಂದ ಪಕ್ಕದ ಕಬ್ಬಿಣದ ತನಕ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. “ನಿಮ್ಮನೇಲಿ ಹೆಂಗೂ ನಾಮ ಇಕ್ಕೋತೀರಲ್ಲ, ನಟ್ಗೂ ಒಂದು ನಾಮ ಎಳಿ ಕಣ್ಲಾ. ಜನಕ್ ನಾಮ ಹಾಕ್ದಿದ್ರೆ ಸಾಕು!” ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ. ಅಂದಿನಿಂದ ವರದರಾಜನ ಜೇಬಿನಲ್ಲಿ, ವಾರ್ನಿಷ್‌ನಲ್ಲಿ ಕಲಸಿದ ಕೆಂಪು ಶ್ರೀಚೂರ್ಣದ ಪುಟ್ಟ ಕುಪ್ಪಿ. ಹಣೆಗೆ ಇಡುವ ಉಂಗುರ ಬೆರಳಲ್ಲೇ ನಟ್ಟಿಗೂ ಇಡುವನು. ಗಾಡಿಯ ಕೆಳಗಿಂದ ಹೊರಬರುವ ಮುಂಚೆ ಬೈರಣ್ಣ ಬಗ್ಗಿ ಕೇಳುವನು: “ನಾಮ ಎಳುದ್ಯೇನ್ಲಾ?”

ಒಂದೇ ಒಂದು ಬೆಳಗ್ಗೆ ಎಳೆದಿರಲಿಲ್ಲ. ಬ್ರೇಕ್ ಪೈಪಿನ ನಟ್ಟನ್ನು ಕೈಯಲ್ಲಿ ಕೂರಿಸಿದ್ದ, ಇನ್ನೂ ಬಿಗಿದಿರಲಿಲ್ಲ, ಅಷ್ಟರಲ್ಲಿ ಚಹಾಕ್ಕೆ ಕರೆದರು. “ನಾಮ ಎಳುದ್ಯೇನ್ಲಾ?” “ಎಳ್ದೆ ಬೈರಣ್ಣ.” ಬೈರಣ್ಣ ಲಾರಿ ಹತ್ತಿದ. ಬೆಟ್ಟದ ಮೂರನೆಯ ತಿರುವಿನಲ್ಲಿ ಲಾರಿ ಕಣಿವೆಗಿಳಿಯಿತು. ಹಳೇ ಗಾಡಿ, ಕೆಟ್ಟ ರಸ್ತೆ ಎಂದು ಬರೆದು ವಿಚಾರಣೆ ಮುಗಿಸಿದರು. ನಲವತ್ತು ವರ್ಷ ಯಾರೂ ಅವನನ್ನು ಏನೂ ಕೇಳಲಿಲ್ಲ. ಕೇಳುತ್ತಿದ್ದವನು ಬೈರಣ್ಣ ಒಬ್ಬನೇ. ಲಾರಿಯ ಕೆಳಗೆ ಬೆನ್ನು ಕೊಟ್ಟು ಮಲಗಿದಾಗಲೆಲ್ಲ, ತಣ್ಣಗಾಗುವ ಇಂಜಿನ್ನಿನ ಟಿಣ್ ಟಿಣ್ ಸದ್ದಿನ ನಡುವೆ, ಅದೇ ಪ್ರಶ್ನೆ, ಅದೇ ದನಿ.

ಹೀಗಿರುವಾಗ, ಆ ಹೆಸರು ಅಳಿಸಿದ ಪ್ರಭುದೇವನನ್ನು ಕೊಲ್ಲುವ ದಾರಿಯನ್ನು ಹುಡುಕಿಕೊಂಡು ಅವನು ದೂರ ಹೋಗಬೇಕಾಗಿರಲಿಲ್ಲ.

ಹೆಜ್ಜೆ ಹೆಜ್ಜೆಯಾಗಿ ಯೋಚಿಸಿದ. ವಿಜಯದಶಮಿಯ ದಿನ ಪ್ರಭುದೇವ ಒಬ್ಬನೇ ಲಾರಿಯನ್ನು ದೇವರಾಯನದುರ್ಗದ ನರಸಿಂಹಸ್ವಾಮಿಗೆ ತೋರಿಸಿಕೊಂಡು ಬರುವವನಿದ್ದ. ಬೆಟ್ಟ ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ. ಇಳಿಯುವಾಗ ನ್ಯೂಟ್ರಲ್ಲಿಗೆ ಹಾಕಿ ತೇಲಿಸುವುದು ಪ್ರಭುದೇವನ ಚಟ. ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ. ನಟ್ಟು ಕಾಲು ಸುತ್ತು ಸಡಿಲವಾದರೆ ಸಾಕು, ನಿಂತ ಗಾಡಿಯಲ್ಲಿ ಒಂದು ಹನಿಯೂ ಕಾಣದು. ಪೆಡಲ್ ತುಳಿದಾಗಲೆಲ್ಲ ಒಂದಿಷ್ಟು ಬ್ರೇಕ್ ಆಯಿಲ್ ಚಿಮ್ಮಿ, ನಾಲ್ಕನೆಯದೋ ಐದನೆಯದೋ ತಿರುವಿಗೆ ಪೆಡಲ್ ಬರೀ ಗಾಳಿ.

ಸಾಕ್ಷಿಯನ್ನೂ ಮೊದಲೇ ಕಟ್ಟಿದ. ಪ್ರಭುದೇವನ ತಾಯಿ ಸುಬ್ಬಮ್ಮನವರ ಎದುರಿಗೇ, “ಹ್ಯಾಂಡ್ ಬ್ರೇಕ್ ಹಿಡೀತಿಲ್ಲ ಸಾರ್, ಬ್ರೇಕ್ ಪೈಪೂ ಹಳೇದು, ಬದಲಾಯಿಸೋಣ,” ಎಂದ. “ಹಬ್ಬ ಆಗ್ಲಿ ಬಿಡಿ ವರದಣ್ಣ, ನೀವೊಬ್ರು ಗಾಬ್ರಿ ಬೀಳೋರು,” ಎಂದ ಪ್ರಭುದೇವ. ಸುಬ್ಬಮ್ಮ ಮಗನನ್ನು ಬೈದರು. ಅಷ್ಟು ಸಾಕಿತ್ತು.

ಕೆಲಸಕ್ಕೆ ಆರಿಸಿಕೊಂಡ ದಿನ ಅದರ ಹಿಂದಿನ ಆಯುಧಪೂಜೆ. ಸ್ಪ್ಯಾನರ್, ಸುತ್ತಿಗೆ, ಜಾಕ್, ಎಲ್ಲವೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಚಾಮುಂಡಿಯ ಪಟದ ಮುಂದೆ ಮಲಗಿರುತ್ತವೆ. ಆವತ್ತು ಯಾವ ಮೆಕ್ಯಾನಿಕ್ಕೂ ಉಪಕರಣ ಮುಟ್ಟುವುದಿಲ್ಲ. ಪೂಜೆಗಿಟ್ಟ ದಿನ ವರದರಾಜ ನಟ್ಟು ತಿರುಗಿಸಿದನೆಂದರೆ ಪೇಟೆಯಲ್ಲಿ ಒಬ್ಬರೂ ನಂಬರು.

ಬೆಳಗ್ಗೆ ಬಸವನಗುಡಿಯ ಕಾರಂಜಿ ಆಂಜನೇಯನಿಗೆ ಹೋಗಿ ಬಂದ. ಸ್ವಾಮಿಯ ಮುಖ ನೋಡುವ ಧೈರ್ಯವಾಗದೆ ಪಾದ ಮಾತ್ರ ನೋಡಿದ. ಡಿಪೋದಲ್ಲಿ ಸುಬ್ಬಮ್ಮ ಆರತಿ ಎತ್ತಿದರು, ಚಕ್ರಗಳು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿದವು, ಕುಂಕುಮ ತುಂಬಿದ ಬೂದುಗುಂಬಳ ನೆಲಕ್ಕೆ ಬಿದ್ದು ಒಡೆಯಿತು. ಎಲ್ಲರೂ ಪಕ್ಕದ ಮನೆಗೆ ಊಟಕ್ಕೆ ಹೋದರು.

“ನೀವು ಬರಲ್ವಾ ವರದಣ್ಣ?” ಎಂದು ಸುಬ್ಬಮ್ಮ ಕೂಗಿದರು.

“ದೀಪ ಆರೋವರ್ಗೂ ಕೂತು ಬರ್ತೀನಮ್ಮ.”

ಮನೆಯಿಂದ ತಂದಿದ್ದ ಸ್ಪ್ಯಾನರ್ ಪಂಚೆಯ ಮಡಿಕೆಯಲ್ಲಿತ್ತು. ಲಾರಿಯ ಕೆಳಗೆ ಜಾರಿದ. ಮೇಲೆ ಸಾಲು ಸಾಲು ನಟ್ಟುಗಳು, ಒಂದೊಂದರ ಮೇಲೂ ಅವನದೇ ಕೆಂಪು ಗೆರೆ. ನಾಲ್ಕು ವರ್ಷದ ಜಪ. ಬ್ರೇಕ್ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದ. ಗೆರೆ ಎರಡು ತುಂಡಾಯಿತು. ಅದನ್ನೂ ಲೆಕ್ಕ ಹಾಕಿಯೇ ಬಂದಿದ್ದ. ಮುರಿದ ಗೆರೆ ಬಾಯಿ ಬಿಡುತ್ತದೆ, ಗೆರೆಯಿಲ್ಲದ ನಟ್ಟು ಮೂಕ. ಸೀಮೆಎಣ್ಣೆ ಬಟ್ಟೆಯಿಂದ ತುಂಡುಗಳೆರಡನ್ನೂ ತಿಕ್ಕಿ ಅಳಿಸಿದ.

ಕೆಲಸ ಮುಗಿಯಿತು ಅನ್ನುವಾಗ, ಕಿವಿಯ ಪಕ್ಕದಲ್ಲೇ ಯಾರೋ ಬಗ್ಗಿದಂತಾಯಿತು. ಬೀಡಿಯ ವಾಸನೆ ಹಾದುಹೋಯಿತು.

“ನಾಮ ಎಳುದ್ಯೇನ್ಲಾ?”

ವರದರಾಜನ ಕಣ್ಣು ಮುಚ್ಚಿಕೊಂಡವು. ಸ್ವಲ್ಪ ಹೊತ್ತಿನ ಮೇಲೆ ಅವನ ಬಾಯಿ, ನಲವತ್ತು ವರ್ಷದ ಅಭ್ಯಾಸಕ್ಕೆ, ತಾನಾಗಿ ಹೇಳಿತು: “ಎಳ್ದೆ ಬೈರಣ್ಣ.”

ಹೊರಗೆ ಬಂದು ಕೈ ತೊಳೆದ. ಉಂಗುರ ಬೆರಳ ತುದಿ ಕೆಂಪಾಗಿತ್ತು. ಬೂದುಗುಂಬಳದ ಕುಂಕುಮ ಆವತ್ತು ಎಲ್ಲರ ಕೈಗೂ ಮೆತ್ತಿತ್ತು. ಊಟಕ್ಕೆ ಹೋಗಿ ಪ್ರಭುದೇವನ ಪಕ್ಕದ ಎಲೆಗೇ ಕೂತು ಹೋಳಿಗೆ ತಿಂದ.

ಮಾರನೆಯ ದಿನ ಮಧ್ಯಾಹ್ನ ಸುದ್ದಿ ಬಂತು. ಐದನೆಯ ತಿರುವು. ಪ್ರಭುದೇವ ಆಸ್ಪತ್ರೆ ತಲುಪಲಿಲ್ಲ. ಸುಬ್ಬಮ್ಮ ವರದರಾಜನ ಹೆಗಲಿಗೆ ಒರಗಿ, “ನೀವು ಹೇಳಿದ್ರಿ, ಅವನು ಕೇಳ್ಲಿಲ್ಲ,” ಎಂದು ಅತ್ತರು. ಅವನೂ ಅತ್ತ. ಸುಳ್ಳು ಅಳುವೇನಲ್ಲ. ಯಾರಿಗಾಗಿ ಎಂಬುದು ಅವನಿಗೂ ತಿಳಿಯಲಿಲ್ಲ.

ಮೂರು ದಿನದ ಮೇಲೆ ಸಬ್ ಇನ್ಸ್‌ಪೆಕ್ಟರ್ ಶಿವಕುಮಾರಿ ಡಿಪೋಗೆ ಬಂದರು.

“ಕೂತ್ಕೊಳ್ಳಿ ಅಂಕಲ್. ಗಾಡಿ ವಿಷ್ಯ ನಿಮ್ಮನ್ನೇ ಕೇಳ್ಬೇಕಂತೆ. ‘ನನ್ ಮಗ ಟೀವಿಲಿ ಏನೇ ಹೇಳಿರ್ಲಿ, ಒಂದೊಂದು ನಟ್ಟೂ ವರದಣ್ಣಂದೇ’ ಅಂದ್ರು ಸುಬ್ಬಮ್ಮನವ್ರು.”

ಈ ಮಾತು ಒಂದು ತಿಂಗಳ ಹಿಂದೆ ವರದರಾಜನ ಕಿವಿಗೆ ಬಿದ್ದಿದ್ದರೆ!

“ಬ್ರೇಕ್ ಪೈಪ್ ನಟ್ಟು ಕಾಲು ಸುತ್ತು ಸಡಿಲ ಇತ್ತಂತೆ.”

“ಹಳೇ ಗಾಡಿಯಮ್ಮ. ಬೆಟ್ಟದ ರಸ್ತೇಲಿ ಅದುರಿ ಅದುರಿ ಬಿಟ್ಕೊಳ್ಳುತ್ತೆ.”

“ಇರ್ಬೋದು. ನಟ್ಟುಗಳ ಮೇಲೆಲ್ಲ ಒಂದು ಕೆಂಪು ಗೆರೆ ಇದ್ಯಲ್ಲ ಅಂಕಲ್, ಅದೇನು?”

ನಾಲ್ಕು ವರ್ಷದಲ್ಲಿ ಅದನ್ನು ಕೇಳಿದವರು ಇವರೊಬ್ಬರೇ. ಅವನ ಬೆನ್ನು ನೆಟ್ಟಗಾಯಿತು. “ಅದು ನಾಮ ಅಮ್ಮ. ನನ್ನ ಗುರುತು. ಶ್ರೀಚೂರ್ಣದಲ್ಲಿ ಎಳೆಯೋನು ಈ ಬೆಂಗಳೂರಲ್ಲಿ ನಾನೊಬ್ಬನೇ. ಕೊನೇಲಿ ಎಳಿಯೋದು. ಆಮೇಲೆ ನಟ್ಟು ತಿರುಗಿದ್ರೆ ಗೆರೆ ಮುರಿಯುತ್ತೆ. ಮುರೀದೆ ಇದ್ರೆ ನಾನು ಬಿಟ್ಟ ಕಡೇನೇ ಇದೆ ಅಂತ ಲೆಕ್ಕ.”

ಶಿವಕುಮಾರಿ ಫೋನನ್ನು ಅವನ ಕಡೆಗೆ ತಿರುಗಿಸಿದರು. ಚಿತ್ರದಲ್ಲಿದ್ದದ್ದು ಅದೇ ನಟ್ಟು, ಅವನು ತಿರುಗಿಸಿಟ್ಟಂತೆಯೇ, ಕಾಲು ಸುತ್ತು ಸಡಿಲ. ಆಯಿಲಿನಲ್ಲಿ ನೆಂದು ಅಂಚು ಮಸುಕಾಗಿದ್ದರೂ, ಅದರ ತಲೆಯಿಂದ ಪಕ್ಕದ ಕಬ್ಬಿಣದ ತನಕ ಒಂದು ಹೊಸ ಕೆಂಪು ಗೆರೆ, ಎಲ್ಲೂ ಮುರಿಯದೆ, ಹಣೆಯ ಮೇಲಿನ ನಾಮದ ಹಾಗೆ ನೆಟ್ಟಗೆ ನಿಂತಿತ್ತು. ವರದರಾಜ ತನ್ನ ಉಂಗುರ ಬೆರಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ, ನಾಲ್ಕು ದಿನದ ಸ್ನಾನಕ್ಕೂ ಹೋಗದ ವಾರ್ನಿಷ್ ಕೆಂಪು. ಆವತ್ತು ಬಾಯಿಯೊಂದೇ ಅಲ್ಲ, ಕೈಯೂ ಉತ್ತರ ಕೊಟ್ಟಿತ್ತು. ಈ ಸಲ ಅವನು ಬೈರಣ್ಣನಿಗೆ ಸುಳ್ಳು ಹೇಳಿರಲಿಲ್ಲ.